ಟುನೀಸಿಯಾದ ಮರುಭೂಮಿಯಲ್ಲಿ ನೀರಿನ ಲೆಕ್ಕ

ಆಫ್ರಿಕಾ ಖಂಡದ ಉತ್ತರದ ಅಂಚಿನಲ್ಲಿ, ಆಲ್ಜೀರಿಯಾ ಲಿಬಿಯಾಗಳೆಂಬ ಎರಡು ವಿಶಾಲ ದೇಶಗಳ ನಡುವೆ ಇರುಕಿಕೊಂಡಂತಿರುವ ಸಣ್ಣ ನಾಡು ಟುನೀಸಿಯಾ. 1881ರಿಂದ 1956ರವರೆಗೆ ಅದು ಫ್ರೆಂಚರ ಅಧೀನದಲ್ಲಿದ್ದಿತು. ಉತ್ತರದಲ್ಲಿ ಆಲಿವ್ ತೋಪುಗಳೂ ಗೋಧಿಯ ಹೊಲಗಳೂ ಕಣ್ಣಿಗೆ ತಂಪನ್ನೀಯುವುವು. ದಕ್ಷಿಣಕ್ಕೆ ಹೋದಂತೆಲ್ಲ ಹಸುರು ತೆಳುವಾಗುತ್ತ ಕಡೆಗೆ ಸಹಾರಾ ಮರುಭೂಮಿಯೊಂದೇ ಉಳಿಯುವುದು. 2024ನೆಯ ನವೆಂಬರಿನಲ್ಲಿ ನಾನೂ ನನ್ನ ಗೃಹಿಣಿಯೂ ಒಂದು ಪ್ರವಾಸಿತಂಡದೊಡನೆ ಎಂಟು ದಿನ ಅಲ್ಲಿ ಸಂಚರಿಸಿದೆವು. ನಮಗೆ ಮಾರ್ಗದರ್ಶಿಯಾಗಿ ಬಂದಾತನು ಐವತ್ತು ದಾಟಿದ ಗೃಹಸ್ಥ. ಮರುಭೂಮಿಯ ಅಂಚಿನ ತೊಜೂರ್ ಎಂಬ ಊರಿನವನು.

ಇಂತಹ ಪ್ರವಾಸಗಳಲ್ಲಿ ನೋಡತಕ್ಕುದನ್ನು ಬೇರೆಯವರು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಮೊದಲನೆಯ ದಿನವೇ ನನ್ನಾಕೆ, “ನದಿಯೊಂದೂ ಕಣ್ಣಿಗೆ ಬೀಳಲಿಲ್ಲವಲ್ಲ, ಇಲ್ಲಿಯ ಜನ ಏನು ಕುಡಿದು ಬಾಳಿದರು?” ಎಂದು ಕೇಳಿದಳು. ನಾನು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಮಾರ್ಗದರ್ಶಿಯ ಮುಖ ಅರಳಿತು. ಅರಮನೆ ಅಂಗಡಿಗಳನ್ನು ತೋರಿಸಿ ದಣಿದಿದ್ದವನಿಗೆ ಆ ಪ್ರಶ್ನೆ ರುಚಿಸಿತೆಂದು ತೋರುತ್ತದೆ.

ಟುನಿಸ್ ಪಟ್ಟಣವನ್ನು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಯಲಿನ ನಡುವೆ ಕಲ್ಲಿನ ಕಮಾನುಗಳ ಸಾಲು ಕಾಣಿಸಿತು. ಜಘ್ವಾನ್ ಬೆಟ್ಟದ ಒರತೆಗಳ ನೀರನ್ನು ಕಾರ್ಥೇಜಿಗೆ ಒಯ್ಯಲು ರೋಮನರು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಕಟ್ಟಿದ ಕಾಲುವೆಯದು. ಉದ್ದ ಸುಮಾರು 132 ಕಿಲೋಮೀಟರು. ಕ್ರಿ.ಪೂ. 146ರಲ್ಲಿ ಕಾರ್ಥೇಜನ್ನು ಸುಟ್ಟು ಹಾಳುಮಾಡಿದವರೂ ರೋಮನರೇ. ಆ ಬೂದಿಯ ಮೇಲೆ ಮತ್ತೆ ಪಟ್ಟಣವನ್ನೆಬ್ಬಿಸಿ ಇಷ್ಟು ದೂರದಿಂದ ನೀರು ತಂದವರೂ ಅವರೇ.

ಕೈರುವಾನ್ ಮುಸಲ್ಮಾನರಿಗೆ ಪವಿತ್ರವಾದ ನಗರ, ಕ್ರಿ.ಶ. 670ರಲ್ಲಿ ಉಕ್ಬಾ ಇಬ್ನ್ ನಾಫಿ ಎಂಬ ಸೇನಾಪತಿಯಿಂದ ಸ್ಥಾಪಿತವಾದುದು. ಊರಿನ ಹೊರಗೆ, ಒಂಬತ್ತನೆಯ ಶತಮಾನದ ಅಘ್ಲಬಿ ದೊರೆಗಳು ಕಟ್ಟಿಸಿದ ಕೊಳಗಳಿವೆ. ಹರಿದು ಬಂದ ನೀರು ಮೊದಲು ಚಿಕ್ಕ ಕೊಳದಲ್ಲಿ ನಿಂತು, ಮಣ್ಣು ತಳಕ್ಕಿಳಿದ ಮೇಲೆ, ಸುಮಾರು 128 ಮೀಟರು ಅಡ್ಡಗಲದ ದೊಡ್ಡ ಕೊಳಕ್ಕೆ ದಾಟುತ್ತಿದ್ದಿತು. ಮಹಾಮಸೀದಿಯ ಪ್ರಾರ್ಥನಾಶಾಲೆಯೊಳಕ್ಕೆ ಅನ್ಯಮತೀಯರಿಗೆ ಪ್ರವೇಶವಿಲ್ಲ. ಬಾಗಿಲಲ್ಲಿ ನಿಂತು ಕಂಬಗಳ ವನವನ್ನು ನೋಡಿ ಕೈಮುಗಿದೆವು. ಅಂಗಳಕ್ಕೆ ಹೋಗಬಹುದು. ಹಾಸುಗಲ್ಲಿನ ಆ ಅಂಗಳ ನಡುವಿನ ಕಡೆಗೆ ಮೆಲ್ಲಗೆ ಇಳಿಜಾರಾಗಿದೆ. ಬಿದ್ದ ಮಳೆಯೆಲ್ಲ ಅಲ್ಲಿ ಕೂಡಿ, ಚಿತ್ತಾರ ಕೊರೆದ ಅಮೃತಶಿಲೆಯ ಬಾಯಿಯಲ್ಲಿ ಧೂಳನ್ನು ಬಿಟ್ಟು, ನೆಲದಡಿಯ ತೊಟ್ಟಿಗೆ ಸೇರುವುದು. ಸೇದುವ ಬಾವಿಕಟ್ಟೆಗಳು ಹಳೆಯ ರೋಮನ್ ಕಂಬಗಳ ಪೀಠಗಳನ್ನು ಟೊಳ್ಳುಮಾಡಿ ಇಟ್ಟುವು. ಅವುಗಳ ಅಂಚಿನಲ್ಲಿ ಹಗ್ಗದ ಉಜ್ಜಿನಿಂದ ಬೆರಳುದ್ದದ ಗೀರುಗಳು ಬಿದ್ದಿವೆ. ವೋಪದೇವನೆಂಬ ವೈಯಾಕರಣಿ ಬಾಲ್ಯದಲ್ಲಿ ಮಂದಮತಿಯಾಗಿದ್ದು, ಬಾವಿಯ ಕಲ್ಲು ಹಗ್ಗದಿಂದ ಸವೆದುದನ್ನು ಕಂಡು ವಿದ್ಯೆಗೆ ಮನಸ್ಸು ಕೊಟ್ಟನೆಂಬ ಕಥೆಯನ್ನು ಎಷ್ಟೋ ವರ್ಷ ಹುಡುಗರಿಗೆ ಹೇಳಿದ್ದೆನು. ಅಷ್ಟು ಆಳದ ಗೀರನ್ನು ನೋಡಿದುದು ಇಲ್ಲಿಯೇ.

ಎಲ್ ಜೆಮ್ಮಿನಲ್ಲಿ ಮೂವತ್ತೈದು ಸಾವಿರ ಜನ ಕುಳಿತು ನೋಡಬಹುದಾಗಿದ್ದ ರೋಮನರ ಮಹಾರಂಗವಿದೆ. ಕಟ್ಟಡ ಅದ್ಭುತವೇ ಸರಿ; ಮನುಷ್ಯರನ್ನು ಮೃಗಗಳಿಗೆ ಒಡ್ಡಿ ವಿನೋದಪಡುತ್ತಿದ್ದ ಎಡೆಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ. ಮತ್ಮಾತಾ ಎಂಬ ಊರಿನಲ್ಲಿ ಜನ ನೆಲವನ್ನು ದೊಡ್ಡ ಗುಂಡಿಯಾಗಿ ತೋಡಿ, ಅದನ್ನೇ ಅಂಗಳಮಾಡಿಕೊಂಡು, ಸುತ್ತಲೂ ಗೋಡೆಯಲ್ಲಿ ಕೋಣೆಗಳನ್ನು ಕೊರೆದುಕೊಂಡಿದ್ದಾರೆ. ಅಂತಹ ಒಂದು ಮನೆಯಲ್ಲಿ ವೃದ್ಧೆಯೊಬ್ಬಳು ಗೋಧಿ ಬೀಸುತ್ತಿದ್ದಳು. ನನ್ನಾಕೆ ಎದುರಿಗೆ ಕುಳಿತು ಬೀಸುವಕಲ್ಲಿನ ಗೂಟಕ್ಕೆ ಕೈಹಾಕಿದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೂ ಕಾಲುಗಂಟೆ ಮಾತನಾಡಿದರು. ಊಟಕ್ಕೆ ಕುಸ್ಕುಸ್ ಎಂಬ, ರವೆಯನ್ನು ಹಬೆಯಲ್ಲಿ ಬೇಯಿಸಿದ ಅನ್ನ. ಮೇಲೆ ಕುಂಬಳ, ಗಜ್ಜರಿ, ಕಡಲೆ. ಶಾಕಾಹಾರಿಗಳಿಗೆ ಆ ದೇಶದಲ್ಲಿ ಉಪವಾಸದ ಭಯವಿಲ್ಲ.

ಮತ್ಮಾತಾ ಬಿಟ್ಟು ಪಶ್ಚಿಮಕ್ಕೆ ತಿರುಗಿದ ಮೇಲೆ ಷಟ್ ಎಲ್ ಜರೀದ್ ಎಂಬ ಉಪ್ಪಿನ ಬಯಲು ಅಡ್ಡವಾಗುವುದು. ವಿಸ್ತಾರ ಐದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕುದು. ನಡುವೆ ಏರಿಯಂತೆ ಎತ್ತರಿಸಿದ ರಸ್ತೆ. ಎರಡು ಕಡೆಗೂ ಬೆಳ್ಳನೆಯ ಹೆಪ್ಪು. ಬಿಸಿಲೇರಿದಾಗ ದೂರದಲ್ಲಿ ದೊಡ್ಡ ಸರೋವರ ಮಿನುಗಿತು. ಸರೋವರವೆಲ್ಲಿ, ಬಿಸಿಲ್ಗುದುರೆ! ವೇದಾಂತಗ್ರಂಥಗಳು ಮರೀಚಿಕೆಗೆ ಊಷರಭೂಮಿಯನ್ನೇ ದೃಷ್ಟಾಂತವಾಗಿ ಏಕೆ ಹಿಡಿಯುವುವೆಂಬುದು, ಅಕ್ಷರಶಃ ಉಪ್ಪಿನ ಮೇಲೆ ನಿಂತಾಗ ನನಗೆ ವಿಶದವಾಯಿತು.

ಬಯಲು ದಾಟಿದ ಮೇಲೆ ತೊಜೂರು. ಇಟ್ಟಿಗೆಗಳನ್ನು ಒಳಕ್ಕೂ ಹೊರಕ್ಕೂ ಸರಿಸಿ ಗೋಡೆಯ ಮೇಲೆ ಕಸೂತಿಯಂತೆ ವಿನ್ಯಾಸಗಳನ್ನು ಮಾಡಿರುವ ಹಳೆಯ ಕೇರಿ; ಅದರಾಚೆಗೆ ಲಕ್ಷಾಂತರ ಖರ್ಜೂರದ ಮರಗಳ ತೋಟ. ಮೇಲೆ ಖರ್ಜೂರ, ಅದರ ನೆರಳಿನಲ್ಲಿ ಅಂಜೂರ ದಾಳಿಂಬೆ, ಅವುಗಳ ಅಡಿಯಲ್ಲಿ ಸೊಪ್ಪು ತರಕಾರಿ. ಬಿಸಿಲನ್ನು ಮೂರು ಸಲ ಸೋಸಿ ನೆಲಕ್ಕೆ ಬಿಡುವ ಉಪಾಯವಿದು. ನಾವು ಹೋದಾಗ ಕೊಯ್ಲಿನ ಕಾಲ. ‘ದೆಗ್ಲೆಟ್ ನೂರ್’ ಎಂಬ ಜಾತಿಯ ಗೊನೆಗಳನ್ನು ಇಳಿಸುತ್ತಿದ್ದರು. ಹಣ್ಣನ್ನು ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುವುದು.

ಈ ತೋಟಕ್ಕೆ ಹಿಂದೆ ಸುಮಾರು ಇನ್ನೂರು ಒರತೆಗಳ ನೀರು ಹರಿಯುತ್ತಿದ್ದಿತು. ಹದಿಮೂರನೆಯ ಶತಮಾನದಲ್ಲಿ ಅದೇ ಊರಿನ ಇಬ್ನ್ ಶಬ್ಬಾತ್ ಎಂಬ ಪಂಡಿತನು ಆ ನೀರಿನ ಹಂಚಿಕೆಯ ಕ್ರಮವನ್ನು ಗೊತ್ತುಮಾಡಿದನೆಂದು ಪ್ರಸಿದ್ಧಿ. ಖರ್ಜೂರದ ದಿಮ್ಮಿಗೆ ಅಳತೆಯ ಕಚ್ಚುಗಳನ್ನು ಕೊಚ್ಚಿ ಕಾಲುವೆಗೆ ಅಡ್ಡ ಹಾಕುವುದು. ಕಚ್ಚಿನಿಂದ ಕಚ್ಚಿಗೆ ನೀರು ಸೀಳಿಕೊಂಡು ಮರಿಕಾಲುವೆಗಳಾಗುವುದು. ಪ್ರತಿಯೊಬ್ಬನ ಸರದಿಯನ್ನು ಅಳೆಯಲು ಗದ್ದೂಸ್ ಎಂಬ ಪಾತ್ರೆ: ತಳದಲ್ಲಿ ಸಣ್ಣ ರಂಧ್ರ, ತುಂಬಿ ತೂಗುಹಾಕಿದರೆ ಗೊತ್ತಾದ ಕಾಲದಲ್ಲಿ ಬರಿದಾಗುವುದು. ಇದನ್ನು ಕೇಳಿ ನಾನು ರೋಮಾಂಚಿತನಾದೆನು. ಸೂರ್ಯಸಿದ್ಧಾಂತದಲ್ಲಿ ಹೇಳಿರುವ, ನಮ್ಮ ಮದುವೆಯ ಮನೆಗಳಲ್ಲಿ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆಬಟ್ಟಲಿಗೂ ತಳದಲ್ಲಿ ರಂಧ್ರವೇ. ಆದರೆ ಅದು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವುದು. ನಾವು ಲಗ್ನಕ್ಕೆ ಹಿಡಿದ ಲೆಕ್ಕವನ್ನು ಇವರು ನೀರಿಗೆ ಹಿಡಿದರು. ನಮ್ಮಲ್ಲಿಯೂ ಕೆರೆಯ ತೂಬನ್ನು ಕಾಯುವ ನೀರುಗಂಟಿ ಇದ್ದನು. ಮಾರ್ಗದರ್ಶಿಗೆ ಅವನ ವಿಷಯ ಹೇಳಿದೆನು. “ನಿಮ್ಮಲ್ಲಿ ಈಗಲೂ ಇದ್ದಾನೆಯೇ?” ಎಂದು ಕೇಳಿದನು. ಕೆಲವು ಊರುಗಳಲ್ಲಿ ಇದ್ದಾನೆ ಎಂದೆನು.

ಆಮೇಲೆ ಆತನು ನಮ್ಮನ್ನು ರಾಸ್ ಎಲ್ ಐನ್ ಎಂಬಲ್ಲಿಗೆ ಕರೆದೊಯ್ದನು. ‘ಒರತೆಯ ತಲೆ’ ಎಂದು ಅರ್ಥ. ಹುಡುಗನಾಗಿದ್ದಾಗ ಅಲ್ಲಿ ಈಜಿದ್ದನಂತೆ. ಈಗ ಒರತೆಯಿಲ್ಲ. ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಆಳದ ಕೊಳವೆಬಾವಿಗಳು ಹೆಚ್ಚಿ, ಹೊಸ ತೋಟಗಳೂ ಹೋಟೆಲುಗಳೂ ಎದ್ದು, ಒರತೆಗಳು ಒಂದೊಂದಾಗಿ ಬತ್ತಿದುವು. ಇಂದು ತೋಟಕ್ಕೆ ಬರುವುದು ಬಹಳ ಆಳದಿಂದ ಎತ್ತಿದ ನೀರು. ಸಹಸ್ರಾರು ವರ್ಷಗಳ ಹಿಂದೆ ಇಂಗಿದುದು, ತೆಗೆದಷ್ಟು ಮರಳಿ ತುಂಬದು. 2023ರ ಮಾರ್ಚಿಯಲ್ಲಂತೂ, ಬಹುದಿನದ ಕ್ಷಾಮದಿಂದ, ಸರಕಾರ ಇಡೀ ದೇಶದಲ್ಲಿ ರಾತ್ರಿಯ ವೇಳೆ ನಲ್ಲಿಯ ನೀರನ್ನು ನಿಲ್ಲಿಸಬೇಕಾಗಿ ಬಂದಿತು. ನಾವಿಳಿದ ಹೋಟೆಲಿನ ಈಜುಕೊಳ ಮಾತ್ರ ತುಂಬಿ ತುಳುಕುತ್ತಿದ್ದಿತು. ಆ ರಾತ್ರಿ ನನ್ನಾಕೆ ಮೇಲಿನಿಂದ ಸುರಿಯುವ ನಲ್ಲಿಯನ್ನು ಮುಟ್ಟದೆ, ಕೋಣೆಯಲ್ಲಿದ್ದ ಮಂಜುಗಡ್ಡೆಯ ಪಾತ್ರೆಯಲ್ಲಿ ಮೂರು ಸಲ ಹಿಡಿದು ಸ್ನಾನ ಮುಗಿಸಿದಳು. ನಾನೂ ಅದನ್ನೇ ಮಾಡಬೇಕಾಯಿತು.

ಮರುದಿನ ಸಂಜೆ ತಂಡದವರೆಲ್ಲ ಮರಳಿನಲ್ಲಿ ಯಾವುದೋ ಚಲಚ್ಚಿತ್ರಕ್ಕೆಂದು ಕಟ್ಟಿದ ಹುಸಿ ಊರನ್ನು ನೋಡಲು ಹೋದರು. ನಾವಿಬ್ಬರೂ ಮಾರ್ಗದರ್ಶಿಯ ತಮ್ಮನ ತೋಟಕ್ಕೆ ಹೋದೆವು. ಅಂದು ಅವನ ಸರದಿ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದುದು ಬೇಸಗೆಯಲ್ಲಿ ಈಗ ಎರಡು ವಾರವಾದರೂ ಬರುವುದಿಲ್ಲವಂತೆ. ದೊಡ್ಡ ಮಗ ರಾಜಧಾನಿಗೆ ಹೊರಟುಹೋಗಿದ್ದಾನೆ. ಕತ್ತಲಾಗುವ ಹೊತ್ತಿಗೆ ಸಿಮೆಂಟಿನ ಕಾಲುವೆಯಲ್ಲಿ ನೀರು ಬಂದಿತು. ಆತನು ಸನಿಕೆಯಿಂದ ಮಣ್ಣು ಸರಿಸಿ ಪಾತಿಗೆ ಬಿಟ್ಟನು. ನನ್ನಾಕೆ ಕೈಯದ್ದಿ, “ಬೆಚ್ಚಗಿದೆ!” ಎಂದಳು. ಅಷ್ಟು ಆಳದ ನೀರು ಕೈಯಿಡಲಾರದಷ್ಟು ಬಿಸಿಯಾಗಿರುತ್ತದೆ, ಆರಿಸಿ ಬಿಡುತ್ತಾರೆ, ಎಂದು ಮಾರ್ಗದರ್ಶಿ ತಿಳಿಸಿದನು. ಪಾತಿಯಿಂದ ಪಾತಿಗೆ ನೀರು ಸದ್ದಿಲ್ಲದೆ ನಡೆಯಿತು. ತಮ್ಮನು ನಡುನಡುವೆ ಜೇಬಿನ ಫೋನಿನಲ್ಲಿ ಗಂಟೆ ನೋಡುತ್ತ, ಹೊತ್ತಾದೊಡನೆ ಮಣ್ಣನ್ನೆಳೆದು ಬಾಯಿ ಕಟ್ಟಿದನು. ಪಕ್ಕದ ತೋಟದವನು ಆಗಲೇ ತನ್ನ ಸನಿಕೆ ಹಿಡಿದು ಬದುವಿನ ಮೇಲೆ ನಿಂತಿದ್ದನು.