ಪ್ರಾರ್ಥನಾ ವಿಷಯ

ವದಂತಿ ಹಬ್ಬಿಸುವವರು ಓದುಬರಹ ಬಾರದವರು ಎಂದೇ ನಾನು ತಿಳಿದಿದ್ದೆ. ನಮ್ಮ ಪ್ರಾರ್ಥನೆಯ ಮನೆಕೂಟದಲ್ಲಿ ಹಬ್ಬಿಸಿದವನು ಎಂಜಿನಿಯರಿಂಗ್ ಓದಿದ ನಾನೇ.

2021ರಲ್ಲಿ ಕೋವಿಡ್ ಲಸಿಕೆ ಬಂದ ಹೊಸತು. ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು: ಮೈಕ್ರೋಸಾಫ್ಟ್‌ನ ಪೇಟೆಂಟ್ ಅರ್ಜಿಯೊಂದರ ಸಂಖ್ಯೆ 2020/060606. ಮೂರು ಆರು! ಅಲ್ಲಿಂದ ಬೈಬಲಿನ ಪ್ರಕಟನೆಯ 13ನೇ ಅಧ್ಯಾಯದಲ್ಲಿ 666 ಎಂಬ ಸಂಖ್ಯೆಯಿರುವ ಮೃಗದ ಗುರುತಿಗೆ, ಗುರುತಿನಿಂದ ಲಸಿಕೆಯೊಳಗಿನ ಚಿಪ್‌ಗೆ ಒಂದೊಂದೇ ಜಿಗಿತ. ಸಂಖ್ಯೆ ನಿಜವೇ ಎಂದು ಹುಡುಕಿದೆ. ನಿಜವಾಗಿತ್ತು. ನನ್ನ ಪರಿಶೀಲನೆ ಅಲ್ಲಿಗೇ ಮುಗಿಯಿತು. ಅರ್ಜಿಯನ್ನು ಓದಿದ್ದರೆ ತಿಳಿಯುತ್ತಿತ್ತು: ದೇಹದ ಚಟುವಟಿಕೆಯನ್ನು ಸೆನ್ಸರ್‌ನಲ್ಲಿ ಅಳೆದು ಕ್ರಿಪ್ಟೊ ಹಣ ಕೊಡುವ ಯೋಜನೆಯದು. ಮೈಯೊಳಗೆ ಚಿಪ್ ಕೂರಿಸುವ ಮಾತೇ ಅದರಲ್ಲಿಲ್ಲ.

ಸುದ್ದಿಯೆಂದು ಹೇಳಿದ್ದರೆ ಯಾರಾದರೂ "ಎಲ್ಲಿ ಓದಿದ್ರಿ ಬ್ರದರ್?" ಎನ್ನುತ್ತಿದ್ದರೇನೋ. ನಾನು ಪ್ರಾರ್ಥನಾ ವಿಷಯವೆಂದು ಇಟ್ಟೆ. ಕಣ್ಣು ಮುಚ್ಚಿ ಕೂತವರಲ್ಲಿ ಪುರಾವೆ ಕೇಳುವವರು ಯಾರು? ಎಲ್ಲರೂ ಆಮೆನ್ ಅಂದಮೇಲೆ ನನ್ನಲ್ಲಿ ಉಳಿದಿದ್ದ ಚೂರುಪಾರು ಅನುಮಾನವೂ ಅವಿಶ್ವಾಸದಂತೆ ಕಂಡಿತು. ಹಿತವಾಗಿಯೂ ಇತ್ತು ಅನ್ನಿ. ಸಭೆಯ ಅಯ್ಯನವರಿಗೇ ಗೊತ್ತಿಲ್ಲದ್ದು ನನಗೆ ಗೊತ್ತಿತ್ತಲ್ಲ! ಕೂಟಕ್ಕೆ ಬರಲಾಗದವರಿಗೆಂದು ಆಡಿಯೊ ಮಾಡಿಯೂ ಕಳಿಸಿದೆ.

ಗುರುತು ಬೀಳುವುದು ಬಲಗೈ ಇಲ್ಲವೇ ಹಣೆಯ ಮೇಲೆ ಎನ್ನುತ್ತದೆ ವಚನ. ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚುತ್ತಿದ್ದದ್ದು ಬಹುಪಾಲು ಎಡತೋಳಿಗೆ. ಆ ವಚನ ಬಾಯಿಪಾಠವಿದ್ದ ನಮಗ್ಯಾರಿಗೂ ಇದು ಹೊಳೆಯಲಿಲ್ಲ. ರೋಮಿನ ಚಕ್ರವರ್ತಿ ನೀರೋನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಎಣಿಸಿದರೆ 666 ಬರುತ್ತದೆಂದು ಅನೇಕ ವಿದ್ವಾಂಸರು ಹೇಳುವುದು ನನಗೆ ಮೊದಲೇ ಗೊತ್ತಿತ್ತು. ಸತ್ತ ಚಕ್ರವರ್ತಿಯ ಹೆಸರು ಹೇಳಿದರೆ ಕೂಟದಲ್ಲಿ ಯಾರೂ ಬೆಚ್ಚುವುದಿಲ್ಲ. ಹಾಗಾಗಿ ಅದನ್ನು ಬಾಯಿಬಿಡಲಿಲ್ಲ.

ಬೈಬಲಿನಲ್ಲಿ ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೂ ಶಾಸ್ತ್ರದೊಡನೆ ಒರೆಹಚ್ಚಿ ನೋಡಿದರೆಂದು ಪಾಠ ಮಾಡಿದವನೂ ನಾನೇ. ಅಯ್ಯನವರ ಪ್ರಸಂಗವನ್ನು ಒರೆಹಚ್ಚುತ್ತಿದ್ದೆವು, ಟಿವಿ ಬೋಧಕರನ್ನಂತೂ ಬಿಡುತ್ತಲೇ ಇರಲಿಲ್ಲ. ನಮ್ಮ ಭಯ ಮಾತ್ರ ದೇವರೇ ಕೊಟ್ಟ ಎಚ್ಚರವೆಂದು ಸಲೀಸಾಗಿ ಪಾರಾಯಿತು.

ಕೂಟದಲ್ಲಿ ಹಿರಿಯಮ್ಮನೊಬ್ಬರಿದ್ದರು, ಸಕ್ಕರೆ ಕಾಯಿಲೆಯವರು. ಮಗನ ಒತ್ತಾಯಕ್ಕೆ ಗುಟ್ಟಾಗಿ ಲಸಿಕೆ ಹಾಕಿಸಿಕೊಂಡಿದ್ದರು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: "ನಿಜ ಹೇಳಪ್ಪ, ಜೀವಬಾಧ್ಯರ ಪುಸ್ತಕದಲ್ಲಿ ನನ್ನ ಹೆಸರು ಅಳಿಸಿಹೋಯ್ತಾ?" ವಾರಗಟ್ಟಲೆ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಆ ರಾತ್ರಿ ಅರ್ಜಿಯನ್ನು ಪೂರ್ತಿ ಓದಿದೆ. ಮುಂದಿನ ಕೂಟದಲ್ಲಿ ಅದರ ಪ್ರತಿ ಹಿಡಿದುಕೊಂಡು, ನಾನು ಹೇಳಿದ್ದು ಸುಳ್ಳು, ಕ್ಷಮಿಸಿ ಅಂದೆ. ಪುರಾವೆ ಕೇಳುವ ಬುದ್ಧಿ ಆಗ ಬಂತು ಎಲ್ಲರಿಗೂ. "ಇದನ್ನು ಬರೆದವರು ಮೈಕ್ರೋಸಾಫ್ಟಿನವರೇ ಅಲ್ವಾ?" ಎಂದರು ಒಬ್ಬರು. ನನ್ನ ಜತೆ ಕಣ್ಣೀರಿಟ್ಟು ಪ್ರಾರ್ಥಿಸಿದ್ದ ಗೆಳೆಯ "ನಿನಗೂ ಚಿಪ್ ಹಾಕಿಬಿಟ್ರಾ?" ಅಂದ. ಕೆಲವರು ನಕ್ಕರು, ಅವನು ನಗಲಿಲ್ಲ. ಈಗ ಬೇರೆ ಕೂಟ ನಡೆಸುತ್ತಾನೆ. ಹೊಸಬರಿಗೆ ಅಲ್ಲಿ ಮೊದಲು ಕೇಳಿಸುವುದು ನನ್ನ ಆ ಆಡಿಯೊವನ್ನೇ.