ಪಾಂಪೇಯ ಸ್ನಾನಗೃಹದ ಗೂಡುಗಳು

ಇಟಲಿಯ ನೇಪಲ್ಸ್ ನಗರದಿಂದ ರೈಲುಗಾಡಿಯಲ್ಲಿ ಹೊರಟರೆ ಒಂದು ಗಂಟೆಯೊಳಗೆ ಪಾಂಪೇ ಪಟ್ಟಣದ ಅವಶೇಷಗಳನ್ನು ಸೇರಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತವು ಕಾರಿದ ಬೂದಿಯಲ್ಲಿ ಹೂತುಹೋದ ಈ ಊರಿನ ದೇವಾಲಯ, ರಂಗಮಂದಿರಗಳನ್ನು ವರ್ಣಿಸಿದವರು ಅನೇಕರಿರುವುದರಿಂದ ಅವನ್ನು ಇಲ್ಲಿ ಬಿಟ್ಟು, ಒಂದು ಬಚ್ಚಲಿನ ಗೋಡೆಯ ವಿಷಯವನ್ನಷ್ಟೇ ವಾಚಕರಿಗೆ ತಿಳಿಸುತ್ತೇವೆ.

ಪೇಟೆಯ ಚೌಕದ ಉತ್ತರಕ್ಕೆ, ಜೂಪಿಟರ್ ದೇವಾಲಯದ ಹಿಂಭಾಗದಲ್ಲಿ, ಸಾರ್ವಜನಿಕ ಸ್ನಾನಗೃಹವಿದೆ. ಅದರಲ್ಲಿ ಗಂಡಸರಿಗೆ ಮೀಸಲಾಗಿದ್ದ ಬೆಚ್ಚನೆಯ ಕೋಣೆಯ ಗೋಡೆಗಳ ಉದ್ದಕ್ಕೂ ಸಾಲುಸಾಲಾಗಿ ಗೂಡುಗಳುಂಟು. ಒಂದು ಗೂಡಿಗೂ ಮತ್ತೊಂದಕ್ಕೂ ನಡುವೆ ಸುಟ್ಟ ಮಣ್ಣಿನ ಪುರುಷಾಕೃತಿಗಳು, ಕೈಗಳನ್ನು ಮೇಲೆತ್ತಿ ಛಾವಣಿಯ ಅಂಚನ್ನು ಹೊತ್ತಂತೆ ನಿಂತಿವೆ. ಸ್ನಾನಕ್ಕೆ ಬಂದವರು ಉಟ್ಟ ವಸ್ತ್ರವನ್ನೋ ಅಭ್ಯಂಗದ ಎಣ್ಣೆಯ ಕುಡಿಕೆಯನ್ನೋ ಇಡುತ್ತಿದ್ದುದು ಈ ಗೂಡುಗಳಲ್ಲಿ. ಕದವಿಲ್ಲದ ಗೂಡಿಗೆ ಕಳ್ಳರ ಕಾಟ ತಪ್ಪೀತೆ? 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ನ್ಯಾಯಸಂಗ್ರಹದಲ್ಲಿ ಸ್ನಾನಗೃಹದ ಕಳ್ಳರಿಗೆಂದೇ ಒಂದು ಪ್ರಕರಣವಿದೆ. ಕೋಣೆಯನ್ನು ಕಾಯಿಸುತ್ತಿದ್ದ ಕಂಚಿನ ಅಗ್ಗಿಷ್ಟಿಕೆಯೂ ಪೀಠಗಳೂ ಇನ್ನೂ ಅಲ್ಲಿವೆ. ಅವನ್ನು ದಾನಮಾಡಿದವನ ಹೆಸರು ವಕ್ಕುಲ. ಲ್ಯಾಟಿನಿನಲ್ಲಿ ಅದಕ್ಕೆ ಎಳೆಯ ಹಸುವೆಂದರ್ಥ. ಅಗ್ಗಿಷ್ಟಿಕೆಯ ಮೇಲೆ ಹಸುವಿನ ಆಕೃತಿ! ಶ್ಲೇಷವನ್ನು ಕಂಚಿನಲ್ಲಿ ಎರಕ ಹೊಯ್ದ ಆ ರಸಿಕನನ್ನು ಕುರಿತು ನಾವು ಬಹಳ ಹೊತ್ತು ನಕ್ಕೆವು.

ನಮ್ಮ ಗೃಹಿಣಿಗೆ ಶ್ಲೇಷ ಬೇಕಿರಲಿಲ್ಲ. ಮೊಣಕಾಲಿನ ನೋವಿನಿಂದ ಆಕೆ ಬಗ್ಗಲಾರಳು. ಒದ್ದೆ ನೆಲದಿಂದ ಸಾಬೂನನ್ನೆತ್ತುವುದು ನಿತ್ಯದ ಭಯ. ಊರಿನಲ್ಲಿ ನಮ್ಮ ಬಚ್ಚಲುಮನೆಯ ಗೋಡೆಯು ಆಗತಾನೇ ಏಳುತ್ತಿದ್ದಿತು. “ನೋಡಿ, ಇವರು ಗೂಡನ್ನು ಒಣಗಿದ ಕೋಣೆಯಲ್ಲಿಟ್ಟರು. ನಮ್ಮದು ನೀರು ಬೀಳುವ ಜಾಗದಲ್ಲೇ ಆಗಬೇಕಲ್ಲ?” ಎಂದಳು. ಆ ಮಾತು ಸರಿಯಾದುದೇ. ಆ ಕೋಣೆಯಲ್ಲಿ ಮೀಯುವ ತೊಟ್ಟಿಯೇ ಇಲ್ಲ.

ನೀರಿನ ಕೆಳಗಿರುವ ಗೂಡಿಗೆ ಗೋಡೆಯ ದಪ್ಪವನ್ನು ಮೊದಲೇ ಎಣಿಸಬೇಕು. ಹಳೆಯ ಮನೆಗಳ ಮಣ್ಣಿನ ದಪ್ಪ ಗೋಡೆಯಲ್ಲಿ ಗೂಡು ಬಿಡುವುದು ಸುಲಭವಾಗಿದ್ದಿತು. ಇಂದಿನ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯನ್ನು ನಾಲ್ಕಂಗುಲ ಕೊರೆದರೆ ಆಚೆಯ ಕೋಣೆಗೆ ತೇವವನ್ನು ದಾನಮಾಡಿದಂತೆಯೇ ಸರಿ. ಅಂತಹ ಕಡೆ ಗೋಡೆಯ ಮುಂದೆ ಇನ್ನೊಂದು ಸಾಲು ಇಟ್ಟಿಗೆ ಕಟ್ಟಿ, ಅದರಲ್ಲಿ ಬಾಯಿ ಬಿಟ್ಟು, ಮೇಲೆ ಚಪ್ಪಡಿಯೊಂದನ್ನು ಹಾಯಿಸುವುದು ಮೇಲು. ನೀರಿನ ಕೊಳವೆ ಹೋಗುವ ಜಾಗವನ್ನು ಬಿಟ್ಟುಬಿಡಬೇಕು. ಟೈಲಿನ ಸಂದುಗಳು ನೀರನ್ನು ಪೂರ್ತಿಯಾಗಿ ತಡೆಯಲಾರವಾದ್ದರಿಂದ, ನೀರು ಇಂಗದಂತೆ ಬಳಿಯುವ ಲೇಪವು ಗೋಡೆಯಿಂದ ಗೂಡಿನ ಒಳಮೂಲೆಗಳವರೆಗೂ ಎಲ್ಲಿಯೂ ಕಡಿಯದಂತೆ ಸಾಗಬೇಕು. ಗೂಡಿನ ತಳ ಸಮವಾಗಿದ್ದರೆ ನೀರು ನಿಂತು ಪಾಚಿ ಕಟ್ಟುವುದು. ಮುಂದಕ್ಕೆ ಕಾಲಂಗುಲದಷ್ಟು ಇಳಿಜಾರಿರಲಿ. ಎತ್ತರವನ್ನು ಗಾರೆಯವನ ಕಣ್ಣಳತೆಗೆ ಬಿಡದೆ ಮೀಯುವವರ ಮೊಣಕೈಗೆ ಸರಿಯಾಗಿ ಗುರುತಿಸತಕ್ಕದ್ದು. ನಮ್ಮ ಮನೆಯಲ್ಲಿ ಅದು ನೆಲದಿಂದ ಮೂರಡಿ ಎರಡಂಗುಲಕ್ಕೆ ಬಂದಿತು.