ಲೆಕ್ಕ ತಪ್ಪುವ ಯಂತ್ರ

ಒರಳುಕಲ್ಲನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತು: ಎರಡು ಗಟ್ಟಿ ವಸ್ತುಗಳು ಬಹುಕಾಲ ಉಜ್ಜಾಡಿದರೆ ಒಂದು ತಗ್ಗುತ್ತದೆ, ಇನ್ನೊಂದು ಗುಂಡಗಾಗುತ್ತದೆ. ಸಂಸಾರವೂ ಹೀಗೆಯೇ ಎನ್ನುವವರುಂಟು. ಆ ಮಾತು ಈಗ ಬೇಡ. ದೂರದರ್ಶಕದ ಕನ್ನಡಿ ಹುಟ್ಟುವುದು ಮಾತ್ರ ಖಂಡಿತ ಹೀಗೆಯೇ.

ರಾಜಾಜಿನಗರದಲ್ಲಿ ನಮ್ಮ ನೆರೆಯವರೊಬ್ಬರು, ಲೇತ್ ಕೆಲಸದಿಂದ ನಿವೃತ್ತರಾದವರು, ಮಹಡಿಯ ಮೇಲೆ 6 ಅಂಗುಲದ ಕನ್ನಡಿ ಮಾಡುತ್ತಿದ್ದಾರೆ. ಎರಡು ಗಾಜಿನ ಬಿಲ್ಲೆಗಳ ನಡುವೆ ನೀರು, ಕಾರ್ಬೊರಂಡಂ ಪುಡಿ ಹಾಕಿ ಉಜ್ಜಿದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 48 ಅಂಗುಲ ಸಂಗಮ ದೂರಕ್ಕೆ ನಡುವೆ ಬೇಕಾದ ತಗ್ಗು ಸುಮಾರು 1.2 ಮಿಲಿಮೀಟರು, ಅಷ್ಟೆ. ಆದರೆ ಮೆರುಗು ಮುಗಿಯುವ ಹೊತ್ತಿಗೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟೂ ಏರುಪೇರು ಉಳಿಯಕೂಡದು. ವಿಲಿಯಂ ಹರ್ಷೆಲ್ ತನ್ನ ಲೋಹದ ಕನ್ನಡಿಯೊಂದನ್ನು 16 ಗಂಟೆ ಕೈ ತೆಗೆಯದೆ ಉಜ್ಜಿದನಂತೆ. ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತಿಟ್ಟಳಂತೆ.

ನಮ್ಮವರಿಗೆ ಆ ಭಾಗ್ಯವಿಲ್ಲ. ಮೂವತ್ತು ವರ್ಷ ಒಂದೇ ಹಿಡಿಯನ್ನು ಒಂದೇ ರೀತಿ ಎಳೆದೆಳೆದು ಬಲಭುಜ ಸೋತಿದೆ. ಅದಕ್ಕೇ ಯಂತ್ರ ಕಟ್ಟಿದ್ದಾರೆ: ಹಳೆಯ ಮೋಟಾರು, ಬೆಲ್ಟು, ರಾಟೆಗಳು. ಕೆಳಗಿನ ಗಾಜು ತಿರುಗುತ್ತದೆ. ಮೇಲಿನದನ್ನು ಒಂದು ತೋಳು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ.

"ಲೆಕ್ಕ ಸರಿಹೋದರೆ ಕೆಲಸ ಕೆಟ್ಟಿತು, ಮೇಷ್ಟ್ರೇ" ಎಂದರು. "ಗಾಜು ಒಂದು ಸುತ್ತು ಬರೋದರೊಳಗೆ ತೋಳು ಸರಿಯಾಗಿ ನಾಲ್ಕು ಸಲ ಹೋಗಿಬಂದರೆ, ಸವೆದ ಜಾಗವೇ ಮತ್ತೆ ಸವೆಯುತ್ತೆ. ನಾಲ್ಕಕ್ಕೆ ಚೂರು ಹೆಚ್ಚೋ ಕಮ್ಮಿಯೋ ಇರಬೇಕು. ಆಗ ಎಲ್ಲ ಕಡೆಗೂ ಸಮ."

ಇಪ್ಪತ್ತು ವರ್ಷದಿಂದ ಅದೇ ಪಾಠ ಹೇಳುತ್ತಿರುವ ನನಗೆ ಆ ಮಾತು ನಾಟಿತು. ಮಾಡಿದ್ದನ್ನೇ ಮಾಡಿ ಸವೆದ ಭುಜವೊಂದು, ಮಾಡಿದ್ದನ್ನೇ ಮಾಡದ ಯಂತ್ರವನ್ನು ಕಟ್ಟಿದೆ!

ಕಾವಲೂರಿನ 2.34 ಮೀಟರಿನ ದೊಡ್ಡ ಕನ್ನಡಿಯನ್ನೂ ಉಜ್ಜಿ ಮೆರುಗು ಕೊಟ್ಟದ್ದು ನಮ್ಮ ಕೋರಮಂಗಲದಲ್ಲೇ. ಆ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಅದರ ಮುಂದೆ ಇದು ಬಟ್ಟಲು. ಆದರೂ ಪರೀಕ್ಷೆ ಕಠಿಣವೇ. ಫೂಕೊ 1858ರಲ್ಲಿ ತೋರಿಸಿದ ಕ್ರಮದಲ್ಲಿ, ಒಂದು ದೀಪ, ಒಂದು ಬ್ಲೇಡು ಇಟ್ಟು ನೋಡಿದರೆ ಗಾಜಿನ ಮೇಲಿನ ದಿಣ್ಣೆ ಹಳ್ಳಗಳು ನೆರಳಾಗಿ ಕಾಣುತ್ತವೆ. ಆ ಕೊನೆಯ ತಿದ್ದುಪಡಿಯನ್ನು ಅವರು ಯಂತ್ರಕ್ಕೆ ಬಿಟ್ಟಿಲ್ಲ. ಮೋಟಾರು ನಿಲ್ಲಿಸಿ, ಎಡಗೈಯಿಂದ, ದಿನಕ್ಕೆ ಹತ್ತೇ ನಿಮಿಷ.

ಶನಿಯ ಬಳೆ ನೋಡಬೇಕೆಂದು ಕಾದಿರುವ ಮೊಮ್ಮಗಳಿಗೆ ತಾಳ್ಮೆಯಿಲ್ಲ. "ಯಾವಾಗ ತಾತ?" ಎಂದು ದಿನವೂ ಕಾಟ.

"ಶನಿ ಎಲ್ಲಿಗೆ ಹೋಗ್ತಾನೆ ಪುಟ್ಟಿ? ಅವನು ಅಷ್ಟು ಬೇಗ ಬಿಟ್ಟುಹೋದದ್ದುಂಟಾ?"